ಕೆಲಸ ಬಿಟ್ಟ ಮೇಲೆ ಹಳೆಯ ಕಚೇರಿಯ ಪಾರ್ಟಿಗಳ ಲೆಕ್ಕ ಬರೆಯಬಹುದೇ?

ಪ್ರಶ್ನೆ: ನಾನು ಶಿರಸಿಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಿ.ಕಾಂ. ಓದಿದ್ದೇನೆ. ಅಡಿಕೆ ವಖಾರಿಯವರು, ಹಾರ್ಡ್‌ವೇರ್ ಅಂಗಡಿಯವರು, ಕೆಲವು ಗುತ್ತಿಗೆದಾರರು ಸೇರಿ ಸುಮಾರು ಎಪ್ಪತ್ತು ಪಾರ್ಟಿಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ರಿಟರ್ನ್‌ಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಮೂರು ವರ್ಷಗಳ ಹಿಂದೆ ಸಂಬಳ ಹೆಚ್ಚಿಸುವಾಗ ಸರ್ ನೂರು ರೂಪಾಯಿ ಸ್ಟಾಂಪ್ ಕಾಗದದ ಮೇಲೆ ಒಂದು ಕರಾರಿಗೆ ಸಹಿ ಹಾಕಿಸಿಕೊಂಡರು. ಕೆಲಸ ಬಿಟ್ಟ ನಂತರ ಮೂರು ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಇದೇ ಕೆಲಸ ಮಾಡಬಾರದು, ಕಚೇರಿಯ ಯಾವ ಪಾರ್ಟಿಯ ಕೆಲಸವನ್ನೂ ಹಿಡಿಯಬಾರದು, ತಪ್ಪಿದರೆ ಐದು ಲಕ್ಷ ರೂಪಾಯಿ ಕೊಡಬೇಕು ಎಂದು ಅದರಲ್ಲಿದೆ. ಜೊತೆಗೆ ಸಹಿ ಮಾತ್ರ ಮಾಡಿದ ಎರಡು ಖಾಲಿ ಚೆಕ್ಕುಗಳನ್ನೂ ಪಡೆದಿದ್ದಾರೆ. ಈಗ ನಾನು ಸ್ವಂತ ಕಚೇರಿ ತೆರೆಯಬೇಕೆಂದಿದ್ದೇನೆ. ಕೆಲವು ಪಾರ್ಟಿಗಳು ತಾವಾಗಿಯೇ, ನೀವು ಎಲ್ಲಿ ಕುಳಿತರೂ ನಾವು ಅಲ್ಲಿಗೇ ಬರುತ್ತೇವೆ ಎನ್ನುತ್ತಿದ್ದಾರೆ. ಸರ್ ಕೋರ್ಟಿಗೆ ಹೋಗುತ್ತೇನೆಂದು ಹೇಳಿದ್ದಾರೆ. ನನಗೆ ಕೆಲಸ ಕಲಿಸಿದವರೂ ಅವರೇ. ನಾನು ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ನಿಮ್ಮ ಭಯಕ್ಕೆ ಕಾರಣವಾದ ಷರತ್ತಿನಿಂದಲೇ ಆರಂಭಿಸುತ್ತೇನೆ. ಕೆಲಸ ಬಿಟ್ಟ ಮೇಲೆ ಮೂರು ವರ್ಷ ಮೂರು ತಾಲೂಕುಗಳಲ್ಲಿ ನೀವು ಈ ವೃತ್ತಿ ಮಾಡಬಾರದೆಂಬ ಮಾತಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು, ಯಾರನ್ನೇ ಆಗಲಿ ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ ಅಥವಾ ಉದ್ಯೋಗ ನಡೆಸದಂತೆ ತಡೆಯುವ ಪ್ರತಿಯೊಂದು ಕರಾರು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ. ‘ಆ ಮಟ್ಟಿಗೆ’ ಎಂಬ ಪದಗಳನ್ನು ನೆನಪಿಡಿ. ಇಡೀ ಕರಾರು ಬಿದ್ದುಹೋಗುವುದಿಲ್ಲ, ತಡೆಯುವ ಭಾಗ ಮಾತ್ರ ಬೀಳುತ್ತದೆ. ಕಚೇರಿಯ ಗುಟ್ಟು ಕಾಯಬೇಕು, ಕಾಗದಪತ್ರ ಹಿಂದಿರುಗಿಸಬೇಕು ಎಂಬ ಷರತ್ತುಗಳು ಅದೇ ಕಾಗದದಲ್ಲಿದ್ದರೆ ಅವು ಹಾಗೆಯೇ ಉಳಿಯುತ್ತವೆ. ನಿಮ್ಮ ಎಚ್ಚರವೆಲ್ಲ ಅವುಗಳ ಕಡೆಗೇ ಇರಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಮೂರೇ ವರ್ಷ, ಮೂರೇ ತಾಲೂಕು, ಇದು ಅತಿಯಲ್ಲವಲ್ಲ ಎಂದು ನಿಮ್ಮ ಸರ್ ವಾದಿಸಬಹುದು. ಇಂಗ್ಲೆಂಡಿನ ಕೋರ್ಟಾಗಿದ್ದರೆ ಆ ವಾದವನ್ನು ತೂಗಿ ನೋಡುತ್ತಿತ್ತು, ಏಕೆಂದರೆ ಅಲ್ಲಿ ನಿರ್ಬಂಧವು ಕಾಲ ಮತ್ತು ಸ್ಥಳದ ದೃಷ್ಟಿಯಿಂದ ಸಮಂಜಸವಾಗಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ನಮ್ಮಲ್ಲಿ ಹಾಗಿಲ್ಲವೆಂಬುದು ಸುಮಾರು ನೂರೈವತ್ತು ವರ್ಷಗಳ ಹಿಂದೆಯೇ ಇತ್ಯರ್ಥವಾಗಿದೆ. ಕಲಕತ್ತೆಯ ಒಂದೇ ಭಾಗದಲ್ಲಿ ಇಬ್ಬರು ಹಿತ್ತಾಳೆ ವ್ಯಾಪಾರಿಗಳಿದ್ದರು. ಒಬ್ಬನು ಇನ್ನೊಬ್ಬನಿಗೆ, ನೀನು ಇಲ್ಲಿಯ ವ್ಯಾಪಾರ ನಿಲ್ಲಿಸಿದರೆ ನಿನ್ನ ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡದ 900 ರೂಪಾಯಿಯನ್ನು ನಾನು ಕೊಡುತ್ತೇನೆ ಎಂದು ಒಪ್ಪಿಕೊಂಡ. ಅವನು ನಿಲ್ಲಿಸಿದ, ಇವನು ಹಣ ಕೊಡಲಿಲ್ಲ. 1874ರಲ್ಲಿ ಕಲಕತ್ತಾ ಹೈಕೋರ್ಟು, ನಿರ್ಬಂಧವು ಊರಿನ ಒಂದು ಭಾಗಕ್ಕಷ್ಟೇ ಸೀಮಿತವಾಗಿದ್ದರೂ ಕರಾರು ಅನೂರ್ಜಿತವೇ, ಆದ್ದರಿಂದ ಆ ಹಣವನ್ನು ಕೇಳುವ ಹಕ್ಕೂ ಇಲ್ಲ ಎಂದು ತೀರ್ಪಿತ್ತಿತು. ಅಂಗಡಿ ಮುಚ್ಚಿದವನ ಪಾಲಿಗೆ ಇದು ಕಠಿಣವಾದ ತೀರ್ಪು. ಆದರೆ ನಿಯಮ ಅಂದಿನಿಂದ ಗಟ್ಟಿಯಾಯಿತು. ಸಮಂಜಸವಾದ ನಿರ್ಬಂಧಗಳಿಗೆ ಅವಕಾಶವಾಗುವಂತೆ ಈ ಕಲಮನ್ನು ತಿದ್ದಬೇಕೆಂದು ಕಾನೂನು ಆಯೋಗವು 1958ರ ತನ್ನ 13ನೇ ವರದಿಯಲ್ಲಿ ಶಿಫಾರಸು ಮಾಡಿತು. ಸಂಸತ್ತು ತಿದ್ದಲಿಲ್ಲ. ಕಲಮಿಗೆ ಇರುವ ವಿನಾಯಿತಿ ಒಂದೇ: ವ್ಯಾಪಾರದ ಹೆಸರನ್ನೂ ಪ್ರತಿಷ್ಠೆಯನ್ನೂ ಮಾರಿದವನು, ಕೊಂಡವನಿಗೆ ಎದುರಾಗಿ ನಿರ್ದಿಷ್ಟ ಪ್ರದೇಶದೊಳಗೆ ಅದೇ ವ್ಯಾಪಾರ ಮಾಡುವುದಿಲ್ಲವೆಂದು ಒಪ್ಪಿಕೊಳ್ಳುವುದು. ನೀವು ಏನನ್ನೂ ಮಾರಿಲ್ಲ. ತಿಂಗಳ ಸಂಬಳಕ್ಕೆ ದುಡಿದಿದ್ದೀರಿ.

ನೌಕರಿಯಲ್ಲಿರುವಾಗಿನ ಮಾತು ಬೇರೆ, ಬಿಟ್ಟ ಮೇಲಿನ ಮಾತು ಬೇರೆ. ಈ ಗೆರೆಯನ್ನು ಸುಪ್ರೀಂ ಕೋರ್ಟು 1967ರಲ್ಲಿ ಗೋಲಿಕಾರಿ ಪ್ರಕರಣದಲ್ಲಿ ಎಳೆಯಿತು. ಟೈರಿನ ನೂಲು ತಯಾರಿಸುವ ಕಾರ್ಖಾನೆಯಲ್ಲಿ ಐದು ವರ್ಷ ಇರುತ್ತೇನೆಂದು ಒಪ್ಪಿದ್ದ ಮೇಲ್ವಿಚಾರಕರೊಬ್ಬರು ಅವಧಿ ಮುಗಿಯುವ ಮೊದಲೇ ಬಿಟ್ಟು ಪ್ರತಿಸ್ಪರ್ಧಿ ಕಾರ್ಖಾನೆಗೆ ಸೇರಿದರು. ಒಪ್ಪಿಕೊಂಡ ಅವಧಿಯೊಳಗೆ ಬೇರೆಡೆ ಅದೇ ಕೆಲಸ ಮಾಡಬಾರದೆಂಬ ಷರತ್ತು ಊರ್ಜಿತ ಎಂದು ನ್ಯಾಯಾಲಯ ಹೇಳಿತು. 1980ರ ಮುರ್ಗಾಯಿ ಪ್ರಕರಣದಲ್ಲಿ, ನೌಕರಿ ಮುಗಿದ ಮೇಲೆ ಎರಡು ವರ್ಷ ಕೊನೆಯದಾಗಿ ಕೆಲಸ ಮಾಡಿದ ಊರಿನಲ್ಲಿ ಪ್ರತಿಸ್ಪರ್ಧಿ ವ್ಯವಹಾರ ಮಾಡಬಾರದೆಂಬ ಷರತ್ತು ವಿಚಾರಣೆಗೆ ಬಂತು. ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಇಬ್ಬರು ನ್ಯಾಯಮೂರ್ತಿಗಳು, ಷರತ್ತಿನಲ್ಲಿದ್ದ ‘ಬಿಟ್ಟು ಹೋದರೆ’ ಎಂಬ ಪದ ವಜಾ ಆದವನಿಗೆ ಅನ್ವಯಿಸುವುದಿಲ್ಲವೆಂಬ ಕಾರಣದಿಂದ ಪ್ರಕರಣ ಮುಗಿಸಿದರು. ನೌಕರಿಯ ನಂತರದ ನಿರ್ಬಂಧ 27ನೇ ಕಲಮಿನ ಪ್ರಕಾರ ಅನೂರ್ಜಿತವೆಂದು ವಿವರವಾಗಿ ಬರೆದವರು ನ್ಯಾಯಮೂರ್ತಿ ಎ. ಪಿ. ಸೇನ್, ತಮ್ಮ ಪ್ರತ್ಯೇಕ ತೀರ್ಪಿನಲ್ಲಿ. ಎದುರು ಪಕ್ಷದ ವಕೀಲರು ಈ ಅಂತರವನ್ನು ಎತ್ತಿ ತೋರಿಸಬಹುದು. ಆದರೆ ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಪ್ರಚಾರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ನಡುವಿನ 2006ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕರಾರಿನ ಅವಧಿ ಮುಗಿದ ಮೇಲೂ ಮುಂದುವರಿಯುವ ನಿರ್ಬಂಧವನ್ನು ಜಾರಿಗೊಳಿಸಲಾಗದು ಎಂದು ಮತ್ತೆ ಸ್ಪಷ್ಟಪಡಿಸಿದೆ. ಆದ್ದರಿಂದ ಶಿರಸಿಯಲ್ಲೇ ಕಚೇರಿ ತೆರೆಯುವುದಕ್ಕೆ ಆ ಷರತ್ತು ಅಡ್ಡಿಯಲ್ಲ.

ಎರಡನೆಯದು ಪಾರ್ಟಿಗಳ ವಿಷಯ. ನಮ್ಮ ಊರುಗಳಲ್ಲಿ ‘ನಮ್ಮ ಪಾರ್ಟಿ’, ‘ಅವರ ಪಾರ್ಟಿ’ ಎಂದು ಮಾತನಾಡುವ ರೂಢಿಯಿದೆ. ಕಾನೂನಿನ ಕಣ್ಣಿನಲ್ಲಿ ಪಾರ್ಟಿ ಯಾರ ಆಸ್ತಿಯೂ ಅಲ್ಲ. ವಖಾರಿಯ ಮಾಲೀಕರು ತಮ್ಮ ಲೆಕ್ಕವನ್ನು ಯಾರಿಂದ ಬರೆಸಬೇಕೆಂಬುದು ಅವರ ಹಕ್ಕು. ನೀವು ಮತ್ತು ಸರ್ ಮಾಡಿಕೊಂಡ ಕರಾರಿಗೆ ಅವರು ಸಹಿ ಹಾಕಿಲ್ಲ, ಅದು ಅವರನ್ನು ಕಟ್ಟಿಹಾಕಲಾರದು. ಅವರು ತಾವಾಗಿ ನಿಮ್ಮಲ್ಲಿಗೆ ಬಂದರೆ ಕೆಲಸ ಹಿಡಿಯಬಾರದೆಂದು ನಿಮ್ಮನ್ನು ತಡೆಯುವುದು, ನನ್ನ ಅಭಿಪ್ರಾಯದಲ್ಲಿ, ಹಿಂದಿನ ಬಾಗಿಲಿನಿಂದ ಅದೇ ನಿರ್ಬಂಧವನ್ನು ತರುವುದೇ ಆಗಿದೆ.

ಆದರೆ ಪಾರ್ಟಿ ತಾನಾಗಿ ಬರುವುದಕ್ಕೂ ನೀವು ಹೋಗಿ ಕರೆಯುವುದಕ್ಕೂ ವ್ಯತ್ಯಾಸವಿದೆ. ಹಳೆಯ ಕಚೇರಿಯ ಗ್ರಾಹಕರನ್ನು ಸೆಳೆಯಬಾರದೆಂಬ ಷರತ್ತುಗಳ ಬಗ್ಗೆ ಹೈಕೋರ್ಟುಗಳ ತೀರ್ಪುಗಳು ಒಂದೇ ದಾರಿಯಲ್ಲಿ ನಡೆದಿಲ್ಲ. ಅದೂ ವೃತ್ತಿಯ ನಿರ್ಬಂಧವೇ ಎಂದು ಕೆಲವು ತೀರ್ಪುಗಳು ತಳ್ಳಿಹಾಕಿವೆ. ಗೋಪ್ಯ ಮಾಹಿತಿ ಹಿಡಿದುಕೊಂಡು ಒಬ್ಬೊಬ್ಬರ ಬೆನ್ನು ಹತ್ತಿದ್ದು ಕಂಡುಬಂದಾಗ ಇನ್ನು ಕೆಲವು ತೀರ್ಪುಗಳು ಆ ಮಟ್ಟಿಗೆ ತಡೆ ನೀಡಿವೆ. 2006ರಲ್ಲಿ ದೆಹಲಿ ಹೈಕೋರ್ಟು, ಬ್ಯಾಂಕೊಂದನ್ನು ಬಿಟ್ಟ ಅಧಿಕಾರಿಯ ಪ್ರಕರಣದಲ್ಲಿ, ಗೋಪ್ಯ ಮಾಹಿತಿ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ನೌಕರರು ಉತ್ತಮ ಕೆಲಸ ಹುಡುಕುವ ಹಕ್ಕನ್ನು ಕಿತ್ತುಕೊಳ್ಳಲಾಗದು ಎಂದಿತು. ಅದೇ ಹೈಕೋರ್ಟು 1995ರಲ್ಲಿ, ಅಂಚೆಯ ಮೂಲಕ ಸಾಮಾನು ಮಾರುವ ಕಂಪನಿಯ ಗ್ರಾಹಕರ ಪಟ್ಟಿಯನ್ನು ಕೆಲಸ ಬಿಟ್ಟ ನೌಕರ ನಕಲು ಮಾಡಿಕೊಂಡಾಗ, ಶ್ರಮಪಟ್ಟು ಕೂಡಿಸಿದ ಆ ಪಟ್ಟಿಗೆ ಕೃತಿಸ್ವಾಮ್ಯವಿದೆ ಎಂದು ಅದರ ಬಳಕೆಯನ್ನು ನಿಲ್ಲಿಸಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿಮಗೆ ಬೇಕಾದ ಗೆರೆ ಕಾಣುತ್ತದೆ. ತಲೆಯಲ್ಲಿ ಕಲಿತದ್ದು, ಕೈಗೆ ಕೂಡಿದ ಅಭ್ಯಾಸ, ಮುಖಪರಿಚಯ ಇವು ನಿಮ್ಮವು. ಕಪಾಟಿನಲ್ಲಿರುವುದು, ಕಂಪ್ಯೂಟರಿನಲ್ಲಿರುವುದು ನಿಮ್ಮದಲ್ಲ.

ಹಾಗಾಗಿ ಕಚೇರಿ ತೆರೆದಾಗ ಬೋರ್ಡು ಹಾಕಿ, ಪತ್ರಿಕೆಯಲ್ಲಿ ಸಾರ್ವಜನಿಕವಾಗಿ ಪ್ರಕಟಣೆ ಕೊಡಿ. ಇವುಗಳಿಗೆ ಆಕ್ಷೇಪ ನಿಲ್ಲದು. ಆದರೆ ಹಳೆಯ ಕಚೇರಿಯ ರಿಜಿಸ್ಟರಿನಿಂದ ಹೆಸರುಗಳನ್ನು ಬರೆದುಕೊಂಡು ಎಪ್ಪತ್ತು ಜನರಿಗೂ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಬೇಡಿ. ಗಣಹೋಮದ ಆಮಂತ್ರಣವನ್ನು ಬಂಧುಗಳಿಗೆ, ನೆರೆಯವರಿಗೆ, ಪರಿಚಯದವರಿಗೆ ಕೊಡುವುದು ಲೋಕಾಚಾರ. ಅದೇ ಆಮಂತ್ರಣದ ಹಿಂಬದಿಯಲ್ಲಿ ಜಿಎಸ್‌ಟಿ ರಿಟರ್ನಿನ ದರಪಟ್ಟಿ ಅಚ್ಚು ಮಾಡಿಸಿ ಪಾರ್ಟಿಗಳ ಮನೆಗೇ ಮುಟ್ಟಿಸಿದರೆ ಅದು ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧದ ಮೊದಲ ದಾಖಲೆಯಾಗುತ್ತದೆ. ತಾವಾಗಿ ಬಂದವರಿಂದ ಎರಡು ಸಾಲಿನ ಪತ್ರ ಪಡೆಯಿರಿ: ನಮ್ಮ ಸ್ವಂತ ಇಚ್ಛೆಯಿಂದ ಈ ದಿನಾಂಕದಿಂದ ನಿಮಗೆ ಕೆಲಸ ವಹಿಸುತ್ತಿದ್ದೇವೆ ಎಂದು, ಅಂಗಡಿಯ ಸೀಲು ಮತ್ತು ಸಹಿಯೊಂದಿಗೆ. ಹಳೆಯ ಕಚೇರಿಗೆ ತಿಳಿಸುವ ಪತ್ರವನ್ನು ಅವರೇ ಕೊಡಲಿ. ತಮ್ಮ ಖರೀದಿ ಬಿಲ್ಲು, ಲೆಕ್ಕದ ಪುಸ್ತಕ, ಹಿಂದಿನ ರಿಟರ್ನಿನ ಪ್ರತಿಗಳನ್ನು ವಾಪಸು ಕೇಳುವ ಹಕ್ಕು ಅವರಿಗಿದೆ. ನೀವು ತರಬೇಡಿ, ಅವರೇ ಹೋಗಿ ತರಲಿ.

ನಿಮ್ಮ ವೃತ್ತಿಯಲ್ಲಿ ಹೊರಗಿನವರಿಗೆ ಕಾಣದ ಒಂದು ತೊಡಕಿದೆ. ನೀವು ಅದನ್ನು ಕೇಳಿಲ್ಲ, ಆದರೆ ಇದ್ದೇ ಇರುತ್ತದೆಂದು ಊಹಿಸುತ್ತೇನೆ. ನೋಂದಣಿ ಮಾಡುವಾಗ ಎಷ್ಟೋ ಕಚೇರಿಗಳು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ವ್ಯಾಪಾರಿಯ ಮೊಬೈಲ್ ಸಂಖ್ಯೆಯ ಬದಲು ಕಚೇರಿಯ ನೌಕರರ ಸಂಖ್ಯೆಯನ್ನೇ ಕೊಟ್ಟುಬಿಡುತ್ತವೆ. ಸಾಲಿಗೆ ಸಾಲು ರಿಟರ್ನ್ ಸಲ್ಲಿಸುವಾಗ ಒಟಿಪಿ ಕೇಳಲು ಯಾರಿಗೂ ಫೋನ್ ಮಾಡುವ ಅಗತ್ಯ ಬೀಳುವುದಿಲ್ಲವೆಂಬುದು ಇದರ ಅನುಕೂಲ. ಪ್ರತಿ ತಿಂಗಳು 11ನೇ ತಾರೀಖಿನ ಜಿಎಸ್‌ಟಿಆರ್-1, 20ನೇ ತಾರೀಖಿನ 3ಬಿ ರಿಟರ್ನ್‌ಗಳ ಗಡುವು ಹತ್ತಿರ ಬಂದಾಗ ನಿಮ್ಮ ಫೋನು ಬಿಡುವಿಲ್ಲದೆ ಸದ್ದು ಮಾಡುತ್ತಿದ್ದರೆ ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ. ನೀವು ಕೆಲಸ ಬಿಟ್ಟ ಮಾರನೆಯ ದಿನವೂ ಆ ಒಟಿಪಿಗಳು ನಿಮ್ಮ ಫೋನಿಗೇ ಬರುತ್ತವೆ. ಕೊಡದಿದ್ದರೆ ಕಚೇರಿಯ ಕೆಲಸ ಕೆಡಿಸಿದಿರಿ ಎನ್ನುತ್ತಾರೆ, ನಿಮ್ಮ ಬಳಿ ಇಟ್ಟುಕೊಂಡರೆ ಅಧಿಕಾರವಿಲ್ಲದೆ ಪ್ರವೇಶ ಪಡೆದಿರಿ ಎನ್ನುತ್ತಾರೆ. ಆದ್ದರಿಂದ ಈಗಲೇ, ನೌಕರಿಯಲ್ಲಿರುವಾಗಲೇ, ನಿಮ್ಮ ಸಂಖ್ಯೆ ಇರುವ ನೋಂದಣಿಗಳ ಪಟ್ಟಿ ಮಾಡಿ ಸರ್ ಅವರಿಗೆ ಲಿಖಿತವಾಗಿ ಕೊಡಿ. ಆಯಾ ವ್ಯಾಪಾರಿಯ ಸ್ವಂತ ಮೊಬೈಲ್ ಮತ್ತು ಇ-ಮೇಲ್ ಸೇರಿಸಿ ತಿದ್ದುಪಡಿ ಮಾಡಿಸಿ. ಇದು ಪೋರ್ಟಲ್ಲಿನಲ್ಲಿಯೇ ಆಗುವ ಕೆಲಸ. ಹಳೆಯ ಸಂಖ್ಯೆ ಯಾರ ಕೈಯಲ್ಲಿದೆಯೋ ಅವರು ಸಹಕರಿಸದಿದ್ದರೆ ವ್ಯಾಪಾರಿಯು ದಾಖಲೆಗಳೊಂದಿಗೆ ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ ಬದಲಾಯಿಸಿಕೊಳ್ಳಲು ಅವಕಾಶವಿದೆ. ನೀವು ಬಿಟ್ಟ ನಂತರ ಯಾವ ಪಾರ್ಟಿಯ ಪಾಸ್‌ವರ್ಡೂ ನಿಮ್ಮ ಡೈರಿಯಲ್ಲಿ ಉಳಿಯಬಾರದು. ನಿಮ್ಮ ಬಳಿಗೆ ಬರುವ ಪಾರ್ಟಿಯಾದರೂ ಸರಿ, ಅವರೇ ಹೊಸ ಪಾಸ್‌ವರ್ಡ್ ಮಾಡಿ ಹೊಸದಾಗಿ ನಿಮಗೆ ವಹಿಸಲಿ.

ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಮಾಹಿತಿಯನ್ನು ನಕಲು ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಕರಾವಳಿಯ ಒಂದು ಊರಿನ ಯುವಕನೊಬ್ಬ ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ. ನಿಮ್ಮಂಥದೇ ಕರಾರು, ನಿಮ್ಮಂಥದೇ ಕೆಲಸ. 27ನೇ ಕಲಮು ಪೂರ್ತಿಯಾಗಿ ಅವನ ಪರವಾಗಿತ್ತು. ಆದರೆ ಕೊನೆಯ ದಿನ ಸಂಜೆ ಉಳಿದವರು ಚಹಾಕ್ಕೆ ಹೋದಾಗ ಅವನು ಎಲ್ಲ ಪಾರ್ಟಿಗಳ ಟ್ಯಾಲಿ ಬ್ಯಾಕಪ್ಪನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದ. ಒಂದೊಂದು ಲೆಕ್ಕವನ್ನೂ ತಾನೇ ಹೊಡೆದದ್ದು, ತನ್ನದೇ ಶ್ರಮ ಎಂಬುದು ಅವನ ಸಮಾಧಾನ. ಪೆನ್‌ಡ್ರೈವ್ ಸಿಕ್ಕಿಸಿದ ವೇಳೆ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಮಾಲೀಕರು ಕರಾರಿನ ಮಾತನ್ನೇ ಎತ್ತದೆ ನೇರವಾಗಿ ಪೊಲೀಸ್ ಠಾಣೆಗೆ ದೂರು ಕೊಟ್ಟರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿಯನ್ನು ನಕಲು ಮಾಡುವುದು ತಪ್ಪು. ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷಗಳವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೌಕರನು ಒಪ್ಪಿಸಿದ ಸ್ವತ್ತನ್ನು ದುರುಪಯೋಗ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ಕೂಡ ಎದುರಾಗಬಹುದು. ಆ ಯುವಕ ಕೊನೆಗೆ ರಾಜಿಯಾಗಿ ಪಾರಾದ. ರಾಜಿಯಲ್ಲಿ ಅವನು ಬರೆದುಕೊಟ್ಟ ಮುಚ್ಚಳಿಕೆಯ ಪ್ರಕಾರ ಆ ಊರನ್ನೇ ಬಿಡಬೇಕಾಯಿತು. ಯಾವ ಕೋರ್ಟೂ ಅವನ ಮೇಲೆ ಹೇರಲಾಗದಿದ್ದ ನಿರ್ಬಂಧವನ್ನು ಅವನು ತಾನಾಗಿ ಹೇರಿಕೊಂಡ. ಅವನ ತಾಯಿ ನನ್ನ ಮೇಜಿನ ಎದುರು ಕುಳಿತು, ಲೆಕ್ಕ ಬರೆದವನಿಗೆ ಅದರ ಪ್ರತಿ ಇಟ್ಟುಕೊಳ್ಳುವ ಹಕ್ಕಿಲ್ಲವೇ ಎಂದು ಕೇಳಿದ್ದು ಇಂದಿಗೂ ನೆನಪಿದೆ. ಇಲ್ಲ. ಬರೆದ ಕೈ ನಮ್ಮದಾದರೂ ಲೆಕ್ಕ ಪಾರ್ಟಿಯದು, ಕಡತ ಕಚೇರಿಯದು.

ಐದು ಲಕ್ಷದ ಮಾತಿಗೆ ಬರೋಣ. ಮೂಲ ನಿರ್ಬಂಧವೇ ಅನೂರ್ಜಿತವಾದಾಗ ಅದನ್ನು ಮೀರಿದ್ದಕ್ಕೆ ಪರಿಹಾರ ಕೇಳಲು ಬರುವುದಿಲ್ಲ. ಒಂದು ವೇಳೆ ಗೋಪ್ಯತೆಯ ಷರತ್ತನ್ನು ಮೀರಿದಿರಿ ಎಂದು ಸಾಬೀತಾದರೂ, ಕರಾರಿನಲ್ಲಿ ಬರೆದ ಮೊತ್ತ ತಾನಾಗಿ ಸಿಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಮಿನಂತೆ ಆ ಮೊತ್ತವು ಮೇಲಿನ ಮಿತಿ ಮಾತ್ರ, ಅದರೊಳಗೆ ಸಮಂಜಸವಾದ ಪರಿಹಾರವನ್ನು ನ್ಯಾಯಾಲಯ ನಿರ್ಧರಿಸುತ್ತದೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೌಕರರ ಬಾಂಡನ್ನು ಎತ್ತಿಹಿಡಿದಿದೆ ಎಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ, ಆ ತೀರ್ಪು ಏನು ಹೇಳಿದೆ ಎಂಬುದನ್ನು ತಿಳಿದಿರಿ. ಅಲ್ಲಿದ್ದದ್ದು ಕನಿಷ್ಠ ಮೂರು ವರ್ಷ ಕೆಲಸ ಮಾಡಬೇಕು, ಮೊದಲೇ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು. ಅದು ನೌಕರಿಯ ಅವಧಿಗೆ ಸಂಬಂಧಿಸಿದ್ದು, ಬಿಟ್ಟ ಮೇಲೆ ದುಡಿಯಬಾರದೆಂಬ ನಿರ್ಬಂಧವಲ್ಲ. ನೀವು ಒಂಬತ್ತು ವರ್ಷ ದುಡಿದಿದ್ದೀರಿ, ನಿಮಗೆ ಅಂಥ ಅವಧಿಯ ಷರತ್ತೂ ಇಲ್ಲ.

ನಿಜವಾಗಿ ನನ್ನನ್ನು ಕಾಡುವುದು ಆ ಎರಡು ಖಾಲಿ ಚೆಕ್ಕುಗಳು. ಕರಾರು ಕಾಗದವಾಗಿ ಉಳಿಯಬಹುದು, ಚೆಕ್ಕು ಬ್ಯಾಂಕಿಗೆ ಹೋಗುತ್ತದೆ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನಲ್ಲಿ ಬೇರೆಯವರು ಮೊತ್ತ ತುಂಬಿದರೂ, ಅದನ್ನು ಸಾಲ ಅಥವಾ ಹೊಣೆಗಾಗಿ ಕೊಟ್ಟದ್ದೆಂದು ಕಾನೂನು ಮೊದಲಿಗೆ ಭಾವಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಈ ಭಾವನೆಯನ್ನು ಅಲ್ಲಗಳೆಯುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಅದು ಅಸಾಧ್ಯವೇನೂ ಅಲ್ಲ. ಅದೇ ವರ್ಷ ಕರ್ನಾಟಕದಿಂದ ಹೋದ ಇನ್ನೊಂದು ಪ್ರಕರಣದಲ್ಲಿ, ಆರೋಪಿಯು ಸಂಶಯಾತೀತವಾಗಿ ಸಾಬೀತು ಮಾಡಬೇಕಾಗಿಲ್ಲ, ತನ್ನ ಮಾತು ಹೆಚ್ಚು ಸಂಭವನೀಯವೆಂದು ತೋರಿಸಿದರೆ ಸಾಕು ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಚೆಕ್ಕು ಕಾನೂನಿನಂತೆ ವಸೂಲು ಮಾಡಬಹುದಾದ ಸಾಲ ಅಥವಾ ಹೊಣೆಗೆ ಕೊಟ್ಟದ್ದಾಗಿರಬೇಕು. ಅನೂರ್ಜಿತ ಷರತ್ತಿನ ಭದ್ರತೆಗೆಂದು ಕೊಟ್ಟ ಚೆಕ್ಕಿನ ಹಿಂದೆ ಅಂಥ ಹೊಣೆ ಇಲ್ಲವೆಂಬುದೇ ನಿಮ್ಮ ಉತ್ತರ. ಆದರೆ ಉತ್ತರವಿದೆ ಎಂಬ ಧೈರ್ಯದಿಂದ ಸುಮ್ಮನಿರಬೇಡಿ. ಚೆಕ್ಕು ಪುಸ್ತಕದಲ್ಲಿ ಉಳಿದ ಅರ್ಧಕಾಗದ (ಕೌಂಟರ್‌ಫಾಯಿಲ್) ಹುಡುಕಿ ಎರಡೂ ಚೆಕ್ಕುಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಜೀನಾಮೆಯ ಪತ್ರದಲ್ಲಿಯೇ, ಈ ಸಂಖ್ಯೆಯ ಎರಡು ಖಾಲಿ ಚೆಕ್ಕುಗಳನ್ನು ಕರಾರಿನ ಭದ್ರತೆಗಾಗಿ ತಮಗೆ ಕೊಟ್ಟಿದ್ದೆ, ನನ್ನಿಂದ ತಮಗೆ ಯಾವ ಬಾಕಿಯೂ ಇಲ್ಲದ್ದರಿಂದ ಹಿಂದಿರುಗಿಸಬೇಕು ಎಂದು ಬರೆಯಿರಿ. ಹಿಂದಿರುಗಿಸದಿದ್ದರೆ ಅದೇ ಕಾರಣ ತಿಳಿಸಿ ಬ್ಯಾಂಕಿಗೆ ಪಾವತಿ ನಿಲ್ಲಿಸುವ ಸೂಚನೆ ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಖಾತೆಯನ್ನೇ ಮುಚ್ಚಿಬಿಡುತ್ತೇನೆಂದು ಕೆಲವರು ಹೊರಡುತ್ತಾರೆ. ಖಾತೆ ಮುಚ್ಚಿದ ಕಾರಣಕ್ಕೆ ಚೆಕ್ಕು ವಾಪಸಾದರೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ (ಚೆಕ್ಕು ಅಮಾನ್ಯದ) ಪ್ರಕರಣ ದಾಖಲಾಗಬಹುದು, ಜೊತೆಗೆ ನಿಮ್ಮ ಉದ್ದೇಶದ ಬಗ್ಗೆ ಸಂಶಯ ಬೇರೆ. ಚೆಕ್ಕು ವಾಪಸಾದರೆ ಅವರು ಆ ಮಾಹಿತಿ ಬಂದ 30 ದಿನಗಳೊಳಗೆ ನಿಮಗೆ ನೋಟಿಸು ಕೊಡಬೇಕು, ನೋಟಿಸು ತಲುಪಿದ ಮೇಲೆ ಹಣ ಕೊಡಲು ನಿಮಗೆ 15 ದಿನಗಳ ಅವಕಾಶವಿರುತ್ತದೆ. ಆ 15 ದಿನಗಳಲ್ಲಿ ವಕೀಲರ ಮೂಲಕ ಉತ್ತರ ಕೊಡಲೇಬೇಕು. ಉತ್ತರ ಕೊಡದೆ ಬಿಟ್ಟ ನೋಟಿಸು ಆಮೇಲೆ ಸಾಕ್ಷಿ ಪೆಟ್ಟಿಗೆಯಲ್ಲಿ ನಿಂತಾಗ ಬಹಳ ದುಬಾರಿಯಾಗುತ್ತದೆ.

ಸರ್ ನಿಮ್ಮನ್ನು ಉಳಿಸಿಕೊಳ್ಳಲು ಪಾಲುದಾರಿಕೆ ಕೊಡುತ್ತೇನೆ ಎಂದರೂ ಎನ್ನಬಹುದು. ಅದು ಒಳ್ಳೆಯದೇ ಇರಬಹುದು, ಆದರೆ ಸಹಿ ಹಾಕುವ ಮೊದಲು ಒಂದು ಮಾತು ತಿಳಿದಿರಲಿ. ಪಾಲುದಾರರಿಗೆ ನೌಕರರಿಗಿರುವ ರಕ್ಷಣೆ ಇಲ್ಲ. 1932ರ ಪಾಲುದಾರಿಕೆ ಕಾಯ್ದೆಯ 36ನೇ ಕಲಮಿನಂತೆ ಹೊರಬಂದ ಪಾಲುದಾರರು ಸ್ಪರ್ಧೆಯ ವ್ಯವಹಾರ ಮಾಡಬಹುದಾದರೂ, ಬೇರೆ ಕರಾರು ಇಲ್ಲದಿದ್ದರೆ ಹಳೆಯ ಸಂಸ್ಥೆಯ ಗ್ರಾಹಕರನ್ನು ಕರೆಯುವಂತಿಲ್ಲ. ನಿರ್ದಿಷ್ಟ ಅವಧಿ ಅಥವಾ ಪ್ರದೇಶದಲ್ಲಿ ವ್ಯವಹಾರವನ್ನೇ ಮಾಡಬಾರದೆಂಬ ಸಮಂಜಸವಾದ ಷರತ್ತು ಕೂಡ ಅವರ ಮೇಲೆ ಊರ್ಜಿತವಾಗುತ್ತದೆ. ಹೆಸರಿಗೆ ಪಾಲುದಾರರಾಗಿ ಸಂಬಳದಷ್ಟೇ ಹಣ ಪಡೆಯುವ ಏರ್ಪಾಡಿಗೆ ಒಪ್ಪಿದರೆ, ಈಗ ನಿಮ್ಮ ಕೈಯಲ್ಲಿರುವ ಸ್ವಾತಂತ್ರ್ಯವನ್ನು ನೀವೇ ಬಿಟ್ಟುಕೊಟ್ಟಂತಾಗುತ್ತದೆ.

ನಿಮ್ಮ ಅರ್ಹತೆಯ ಬಗ್ಗೆಯೂ ಒಂದು ಮಾತು. ವ್ಯಾಪಾರಿಯ ಪರವಾಗಿ ನಿಮ್ಮ ಹೆಸರಿನಲ್ಲೇ ರಿಟರ್ನ್ ಸಲ್ಲಿಸಬೇಕಾದರೆ ಜಿಎಸ್‌ಟಿ ಕಾಯ್ದೆಯ 48ನೇ ಕಲಮಿನಂತೆ ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ನೋಂದಣಿ ಬೇಕು. ವಾಣಿಜ್ಯ ಪದವಿ ಅದಕ್ಕಿರುವ ಅರ್ಹತೆಗಳಲ್ಲೊಂದು. ನೋಂದಣಿ ಮತ್ತು ಪರೀಕ್ಷೆಯ ನಿಯಮಗಳನ್ನು 83ನೇ ನಿಯಮದಲ್ಲಿ ನೋಡಿ. ವ್ಯಾಪಾರಿಯು ಪಿಸಿಟಿ-05 ನಮೂನೆಯ ಮೂಲಕ ನಿಮಗೆ ಅಧಿಕಾರ ಕೊಡುತ್ತಾರೆ, ಅದೇ ನಮೂನೆಯಲ್ಲಿ ಹಿಂದಿನವರ ಅಧಿಕಾರವನ್ನು ಹಿಂಪಡೆಯುತ್ತಾರೆ. ಪಾರ್ಟಿ ತಾನಾಗಿ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇರೆ ಬೇಡ. ಬೋರ್ಡಿನ ಮೇಲೆ ಹಳೆಯ ಕಚೇರಿಯ ಹೆಸರನ್ನು ಹೋಲುವ ಹೆಸರು ಬೇಡ, ‘ಇಂಥವರ ಕಚೇರಿಯಲ್ಲಿದ್ದವರು’ ಎಂಬ ಸಾಲೂ ಬೇಡ.

ಕೆಲಸ ಕಲಿಸಿದವರಿಗೆ ಅನ್ಯಾಯವಾಗುತ್ತದೆಯೇ ಎಂಬ ಭಾವ ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿದೆ. ಅದಕ್ಕೆ ವಕೀಲನಾಗಿ ಅಲ್ಲ, ಈ ಜಿಲ್ಲೆಯಲ್ಲಿ ಹಿರಿಯರೊಬ್ಬರ ಕೈಕೆಳಗೆ ಹಲವು ವರ್ಷ ಕಡತ ಹೊತ್ತು ಕಲಿತವನಾಗಿ ಉತ್ತರಿಸುತ್ತೇನೆ. ಕಲಿಸಿದವರ ಋಣ ಕಲಿತ ಕೆಲಸವನ್ನು ಬಿಡುವುದರಿಂದ ತೀರುವುದಿಲ್ಲ. ಆದರೆ ನೌಕರಿಯಲ್ಲಿ ಇರುವಷ್ಟು ದಿನ ಅವರಿಗೆ ಸಲ್ಲಬೇಕಾದ ನಿಷ್ಠೆ ಕಾನೂನಿನದೂ ಹೌದು. ನೋಟಿಸಿನ ಅವಧಿಯಲ್ಲಿ ಸಂಜೆ ಮನೆಯಲ್ಲಿ ಕುಳಿತು ಕಚೇರಿಯ ಪಾರ್ಟಿಯ ಕೆಲಸವನ್ನು ಪ್ರತ್ಯೇಕವಾಗಿ ಮಾಡಿಕೊಟ್ಟು ಹಣ ಪಡೆದರೆ, ಗೋಲಿಕಾರಿ ಪ್ರಕರಣದ ಗೆರೆಯ ಆಚೆಗೆ ಹೋದಿರಿ. ಸಾಧ್ಯವಾದರೆ ಮಾರ್ಚ್ ಎಂಡಿಂಗ್ ಹೊತ್ತಿಗೆ ಬಿಡಬೇಡಿ. ಕೈಯಲ್ಲಿರುವ ಕೆಲಸ ಮುಗಿಸಿ, ಯಾವ ಪಾರ್ಟಿಯ ಯಾವ ರಿಟರ್ನ್ ಎಲ್ಲಿಯವರೆಗೆ ಬಂದಿದೆ ಎಂಬ ಪಟ್ಟಿ ಮಾಡಿ, ಕೀಲಿ, ಕಡತ, ಡಿಜಿಟಲ್ ಸಹಿಯ ಟೋಕನ್ನುಗಳನ್ನು ಒಪ್ಪಿಸಿ, ಪಟ್ಟಿಯ ಎರಡನೇ ಪ್ರತಿಯ ಮೇಲೆ ಅವರ ಸಹಿ ಪಡೆಯಿರಿ. ಸಹಿ ಹಾಕಲು ಒಪ್ಪದಿದ್ದರೆ ಅದೇ ದಿನ ಇ-ಮೇಲಿನಲ್ಲಿ ಕಳುಹಿಸಿ.

ಕೋರ್ಟಿಗೆ ಹೋಗುತ್ತೇನೆಂಬ ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಾವೆಯ ಕೊನೆಯಲ್ಲಿ ಗೆಲ್ಲುವುದು ಒಂದು, ಮೊದಲ ದಿನವೇ ನಿಮ್ಮ ಗೈರುಹಾಜರಿಯಲ್ಲಿ ತಾತ್ಕಾಲಿಕ ತಡೆಯಾಜ್ಞೆ ಬಂದು ಹೊಸ ಕಚೇರಿಯ ಬಾಗಿಲು ಮುಚ್ಚಿ ಕೂರುವುದು ಇನ್ನೊಂದು. ಇದನ್ನು ತಪ್ಪಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಶಿರಸಿಯ ಸಿವಿಲ್ ನ್ಯಾಯಾಲಯದಲ್ಲಿ ಕೇವಿಯಟ್ ಸಲ್ಲಿಸಿ. ಆಗ ನಿಮ್ಮ ಮಾತು ಕೇಳದೆ ಮಧ್ಯಂತರ ಆದೇಶ ಮಾಡುವಂತಿಲ್ಲ. ಕೇವಿಯಟ್‌ನ ಪ್ರತಿಯನ್ನು ಎದುರು ಪಕ್ಷಕ್ಕೆ ಅಂಚೆಯ ಮೂಲಕ ಕಳುಹಿಸಲೇಬೇಕಾದ್ದರಿಂದ ಅದು ಸರ್ ಅವರ ಕೈಗೂ ತಲುಪುತ್ತದೆ. ಹಾಗಾಗಿ ರಾಜೀನಾಮೆಯ ಪತ್ರವನ್ನು ಖುದ್ದಾಗಿ ಕೊಟ್ಟು ಮಾತನಾಡಿದ ಮೇಲೆಯೇ ಸಲ್ಲಿಸಿ, ಅದಕ್ಕಿಂತ ಮೊದಲು ಬೇಡ. ಕೇವಿಯಟ್ 90 ದಿನ ಮಾತ್ರ ಜೀವಂತವಿರುತ್ತದೆ. ನೋಟಿಸಿನ ತಿಂಗಳು ಕಳೆದು ಕಚೇರಿ ತೆರೆಯುವ ಹೊತ್ತಿಗೆ ಅದರಲ್ಲಿ ಮೂರನೆಯ ಒಂದು ಭಾಗ ಮುಗಿದಿರುತ್ತದೆ. ಆದ್ದರಿಂದ ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಅದಕ್ಕೆ ಒಂದು ವಾರ ಮೊದಲು ಹೊಸದನ್ನು ಸಲ್ಲಿಸುವಂತೆ ನಿಮ್ಮ ವಕೀಲರಿಗೆ ಹೇಳಿಡಿ.